ಹದಿನಾಲ್ಕನೇ ಗೇಟು

ಆ ಮನೆಯ ಯಜಮಾನನಿಗೆ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಬಿಸಿ ಅನ್ನ ಬೇಕು. ಒಂದೂಕಾಲಾದರೆ ಮುಖ ಊದುತ್ತದೆ, ಒಂದೂವರೆಯಾದರೆ ತಟ್ಟೆ ಹಾರುತ್ತದೆ. ತಟ್ಟೆ ಹಾರಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಹನ್ನೆರಡು ವರ್ಷದ ಹಿಂದೆ. ಆದರೆ ಮನೆಯ ಹೆಂಗಸರು ಅದನ್ನು ನಿನ್ನೆ ನಡೆದದ್ದೇನೋ ಎಂಬಂತೆ ನೆನಪಿಟ್ಟುಕೊಂಡಿದ್ದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ, ಹೊತ್ತಲ್ಲದ ಹೊತ್ತಿನಲ್ಲಿ ತಣ್ಣಗಿನ ಡಬ್ಬಿ ಊಟ ಮಾಡಿದ ಮನುಷ್ಯ. ಓಣಿಯವರಿಗೆ ಈಗಲೂ ಅವನು ಕಂಡಕ್ಟರೇ. ಕಣ್ಣು ಮುಕ್ಕಾಲು ಹೋಗಿ ಮನೆ ಹಿಡಿದ ಮೇಲೆ ಅವನಿಗೆ ಉಳಿದ ಸುಖ ಆ ಬಿಸಿ ಅನ್ನವೊಂದೇ ಎಂದು ಎಲ್ಲರೂ ಒಪ್ಪಿಕೊಂಡು ಬಿಟ್ಟಿದ್ದರು.

ತೊಂದರೆಯಾಗುತ್ತಿದ್ದದ್ದು ಮ್ಯಾಚಿನ ಭಾನುವಾರಗಳಲ್ಲಿ. ಕಂಡಕ್ಟರನ ಹೆಂಡತಿ, ಸೊಸೆ ಇಬ್ಬರೂ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಕಾವಲಿನ ಕೆಲಸಕ್ಕೆ ಹೋಗುವವರು. ಮೂರೂವರೆಗೆ ಆಟ, ಎರಡಕ್ಕೆ ಗೇಟು ತೆರೆಯುತ್ತದೆ, ಒಂದು ಗಂಟೆಗೇ ಕೆಲಸದವರೆಲ್ಲ ಕಾವಲು ಕಂಪನಿಯ ಕೋಣೆಯ ಮುಂದೆ ಸಾಲು ನಿಂತು ರಿಜಿಸ್ಟರಿನಲ್ಲಿ ಸಹಿ ಹಾಕಿ ಕಿತ್ತಳೆ ಬಣ್ಣದ ಜಾಕೆಟ್ಟು ತೆಗೆದುಕೊಳ್ಳಬೇಕು. ಅಲ್ಲೂ ಒಂದು ಗಂಟೆ, ಇಲ್ಲೂ ಒಂದು ಗಂಟೆ. ದೇವರು ಹೆಂಗಸಿಗೆ ಎರಡು ಕೈ ಕೊಟ್ಟನೇ ಹೊರತು ಎರಡು ಮೈ ಕೊಡಲಿಲ್ಲ.

ಅತ್ತೆಯನ್ನು ಸ್ಟೇಡಿಯಮ್ಮಿನಲ್ಲಿ ಎಲ್ಲರೂ ಸೀಟಿಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಹೆಂಗಸರ ಸಾಲಿನಲ್ಲಿ ಚೀಲ ತಪಾಸಣೆ ಮಾಡುತ್ತ, ಕೊರಳಲ್ಲಿ ನೇತಾಡುವ ಸೀಟಿಯೊಂದರಿಂದಲೇ ಸಾವಿರ ಜನರನ್ನು ಹದ್ದುಬಸ್ತಿನಲ್ಲಿ ಇಟ್ಟವಳು. ಈಗ ಹನ್ನೆರಡು, ಹದಿಮೂರು, ಹದಿನಾಲ್ಕನೇ ಗೇಟುಗಳಿಗೆ ಅವಳೇ ಮೇಲ್ವಿಚಾರಕಿ. ಮನೆಯಲ್ಲೂ ಅವಳದೇ ಸೀಟಿ. ಎರಡು ವರ್ಷದ ಹಿಂದೆ ಸೊಸೆಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ, ಒಂದು ಗಂಟೆಯ ಗಂಟನ್ನು ಬಿಡಿಸಿದವಳೂ ಅವಳೇ.

“ನೀನು ಮಾವನಿಗೆ ಬಡಿಸಿ, ಪಾತ್ರೆ ತೊಳೆದು, ಪುಟ್ಟೀನ ಪಕ್ಕದ ಮನೇಲಿ ಬಿಟ್ಟು ಬಾ. ನಿನ್ನ ಸಹಿ ನಾನು ಹಾಕ್ತೀನಿ,” ಎಂದಿದ್ದಳು. ಪುಟ್ಟಿ ಎಂದರೆ ಸೊಸೆಯ ಮಗಳು.

“ಯಾರಾದ್ರೂ ಕಂಡುಹಿಡಿದ್ರೆ ಅತ್ತೆ?”

“ಹದಿನಾಲ್ಕನೇ ಗೇಟಿಗೆ ಹಾಕ್ತೀನಿ ನಿನ್ನ. ಅಲ್ಲಿ ಕಾಗೆ ಕೂಡ ಸುಳಿಯಲ್ಲ.”

ಮಾತು ಸುಳ್ಳಲ್ಲ. ಹದಿನಾಲ್ಕನೆಯದು ಹೊರಗೆ ಹೋಗಲಿಕ್ಕೆ ಮಾತ್ರ ಇರುವ ಗೇಟು, ಅದೂ ಹಿಂಬದಿಯಲ್ಲಿ. ಬೆಂಕಿ ಗಿಂಕಿ ಬಿದ್ದರೆ ಜನ ಓಡಬೇಕಲ್ಲ, ಆದ್ದರಿಂದ ಒಳಗಿನ ಅಡ್ಡಪಟ್ಟಿ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಒಳಗೆ ಜನ ಇರುವಷ್ಟು ಹೊತ್ತು ಅದಕ್ಕೆ ಬೀಗ ಹಾಕುವಂತಿಲ್ಲ. ಬೀಗ ಇರಬೇಕಾದ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿರಬೇಕು, ಅಷ್ಟೇ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ನಿಂತವರಿಗೆಲ್ಲ ನಿದ್ದೆ ಬಂದಿತ್ತೇ ವಿನಾ ಬೇರೇನೂ ಬಂದಿರಲಿಲ್ಲ.

ಅರ್ಧ ಗಂಟೆಗೊಮ್ಮೆ ಕಂಟ್ರೋಲ್ ರೂಮಿನವರು ವಾಕಿಟಾಕಿಯಲ್ಲಿ ಗೇಟುಗಳ ಕ್ಷೇಮ ಕೇಳುತ್ತಾರೆ. ಸೀಟಿಯಕ್ಕ ತನ್ನ ಮೂರೂ ಗೇಟುಗಳ ಪರವಾಗಿ ಒಂದೇ ಉಸಿರಿನಲ್ಲಿ “ಹನ್ನೆರಡು, ಹದಿಮೂರು, ಹದಿನಾಲ್ಕು ಸರಿ” ಎನ್ನುತ್ತಿದ್ದಳು. ಸೊಸೆಯ ಸಹಿಯನ್ನು ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದು ಬರೆದು ಕಲಿತಿದ್ದಳು. ಒಂದು ಸಲ ಸೊಸೆ ರಿಜಿಸ್ಟರು ನೋಡಿ ನಕ್ಕಿದ್ದಳು: “ನನ್ನ ಸಹಿ ನನಗಿಂತ ನಿಮಗೇ ಚೆನ್ನಾಗಿ ಬರುತ್ತಲ್ಲ ಅತ್ತೆ!” ಅತ್ತೆ ಸೊಸೆ ಹೀಗೆ ಹೊಂದಿಕೊಂಡು ಹೋಗುವುದನ್ನು ಕಂಡು ಓಣಿಯ ಹೆಂಗಸರಿಗೆ ಹೊಟ್ಟೆ ಉರಿಯುತ್ತಿತ್ತು.

ಆ ಭಾನುವಾರ ಊರಿನ ಎರಡು ತಂಡಗಳ ನಡುವೆಯೇ ಆಟ. ಟಿಕೆಟ್ಟೆಲ್ಲ ವಾರದ ಮುಂಚೆಯೇ ಖಾಲಿ. ಮನೆಯಲ್ಲಿ ಕಂಡಕ್ಟರ್ ತಟ್ಟೆ ತಡವುವಾಗ ಸಾರಿನ ಬಟ್ಟಲನ್ನು ಮೈಮೇಲೆ ಚೆಲ್ಲಿಕೊಂಡ. ಸೊಸೆ ಅವನ ಬಟ್ಟೆ ಬದಲಿಸಿ, ಸುಟ್ಟ ತೊಡೆಗೆ ತಣ್ಣೀರು ಹಾಕಿ, ಮತ್ತೆ ಸಾರು ಬಿಸಿ ಮಾಡಿ ಬಡಿಸುವಾಗ ಎರಡು ದಾಟಿತ್ತು.

ಅತ್ತ ಸೀಟಿಯಕ್ಕನ ಸಾಲಿನಲ್ಲಿ ಒಬ್ಬ ಹೆಂಗಸು ಚೀಲ ಬಿಚ್ಚಿ ತೋರಿಸುತ್ತಿದ್ದಳು. ಜೊತೆಗೆ ಹತ್ತು ವರ್ಷದ ಮಗಳು. ಚೀಲದಲ್ಲಿ ಬೇಯಿಸಿದ ಮೊಟ್ಟೆಯ ಡಬ್ಬಿ.

“ಇದನ್ನ ಒಳಗೆ ಬಿಡ್ತೀರಾ ಅಕ್ಕ?”

“ಆಟಗಾರರ ಮೇಲೆ ಎಸೆಯಲ್ಲ ಅಂದ್ರೆ ಬಿಡ್ತೀನಿ.”

“ಸೋತ್ರೆ ಹೇಳೋಕ್ಕಾಗಲ್ಲ,” ಎಂದು ಆ ಹೆಂಗಸು ನಕ್ಕು ಮಗಳ ಕೈ ಹಿಡಿದು ಒಳಗೆ ಹೋದಳು.

ಮೂರು ಗಂಟೆಗೆ ಕಂಟ್ರೋಲ್ ರೂಮು ಕೇಳಿತು. ಸೀಟಿಯಕ್ಕ ಗಡಿಯಾರ ನೋಡಿಕೊಂಡಳು. ಸೊಸೆ ಬಂದೇ ಬಂದಿರಬೇಕು, ಜಾಕೆಟ್ಟಿಗೂ ಕಾಯದೆ ಹಿಂದಿನ ಬಾಗಿಲಿನಿಂದ ಹೋಗಿ ನಿಂತಿರಬೇಕು ಎಂದುಕೊಂಡಳು. “ಹನ್ನೆರಡು, ಹದಿಮೂರು, ಹದಿನಾಲ್ಕು ಸರಿ.”

ಮೂರು ಹತ್ತಕ್ಕೆ ಒಳಗಿದ್ದ ಯಾರೋ ಒಬ್ಬ, ಟಿಕೆಟ್ ಸಿಗದ ತನ್ನ ಇಬ್ಬರು ಗೆಳೆಯರಿಗಾಗಿ ಹದಿನಾಲ್ಕನೇ ಗೇಟಿನ ಅಡ್ಡಪಟ್ಟಿ ಒತ್ತಿದ. ಇಬ್ಬರ ಹಿಂದೆ ಇನ್ನೂರು ಜನ ಇದ್ದರು. ಗೇಟಿನಿಂದ ಸೀಟುಗಳ ಕಡೆಗೆ ಕಡಿದಾದ ಮೂವತ್ತು ಮೆಟ್ಟಿಲು ಇಳಿಯುತ್ತವೆ. ನುಗ್ಗಿದವರು ಉರುಳಿದರು, ಉರುಳಿದವರ ಮೇಲೆ ನುಗ್ಗಿದವರು ಬಿದ್ದರು. ಹನ್ನೊಂದು ಜನರ ಕೈಕಾಲು ಮುರಿಯಿತು. ಮೊಟ್ಟೆಯ ಡಬ್ಬಿಯ ಹೆಂಗಸು ಕೆಳಗಿನ ಮೆಟ್ಟಿಲ ಹತ್ತಿರ ಕೂತಿದ್ದಳು. ಮಗಳನ್ನು ಬೇಲಿಯ ಆಚೆ ಎತ್ತಿ ಹಾಕಿದಳಂತೆ. ಅವಳನ್ನು ಹೊರಗೆಳೆಯುವಾಗ ಉಸಿರಿರಲಿಲ್ಲ.

ಸೊಸೆ ಏದುಸಿರು ಬಿಡುತ್ತ ಬಂದದ್ದು ಮೂರು ಇಪ್ಪತ್ತಕ್ಕೆ. ಸೀಟಿಯಕ್ಕ ಸೊಸೆಯ ಹೆಸರಿನಲ್ಲಿ ತೆಗೆದಿಟ್ಟುಕೊಂಡಿದ್ದ ನಲವತ್ತೊಂದನೇ ನಂಬರಿನ ಜಾಕೆಟ್ಟನ್ನು ತನ್ನ ಚೀಲದಿಂದ ತೆಗೆದು ಅವಳ ಹೆಗಲಿಗೆ ಹಾಕಿದಳು.

“ಏನಾಯ್ತು ಅತ್ತೆ? ಯಾಕೆ ಎಲ್ಲಾ ಅಳ್ತಿದಾರೆ?”

“ನೀನು ಒಂದು ಗಂಟೆಯಿಂದ ಇಲ್ಲೇ ಇದ್ದೆ. ಆಮೇಲೆ ಹೇಳ್ತೀನಿ.”

ಸಂಜೆ ಮನೆಯಲ್ಲಿ ಅನ್ನ ಮಾಡಿದರು, ಯಾರೂ ಉಣ್ಣಲಿಲ್ಲ. ಪುಟ್ಟಿ ಒಬ್ಬಳು ಮೊಸರು ಕಲಸಿಸಿಕೊಂಡು ತಿಂದು ಎದ್ದಳು. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಕೈಯ ಮಸಿ ಕೂಡ ತೊಳೆಯದೆ ಬಾಗಿಲಲ್ಲೇ ಕೂತಿದ್ದ.

“ನೋಡು, ನೀನು ಅಲ್ಲೇ ಇದ್ದೆ. ಜನ ನಿನ್ನ ತಳ್ಳಿಬಿಟ್ರು,” ಎಂದಳು ಸೀಟಿಯಕ್ಕ. “ಅಷ್ಟೊಂದು ಗಂಡಸರ ಮುಂದೆ ಒಬ್ಬ ಹೆಂಗಸು ಏನು ಮಾಡೋಕ್ಕಾಗುತ್ತೆ? ಯಾರೂ ನಿನ್ನ ತಪ್ಪು ಅನ್ನಲ್ಲ. ಆದ್ರೆ ಇರಲೇ ಇಲ್ಲ ಅಂದ್ರೆ ಇಬ್ಬರೂ ಹೋದ್ವಿ.”

“ನಾನು ಇರಲಿಲ್ಲ ಅತ್ತೆ.”

“ಗೊತ್ತು ಕಣೇ.”

“ಇದ್ದಿದ್ರೆ ಅವನು ಆ ಪಟ್ಟಿ ಒತ್ತುತ್ತಿದ್ನಾ?”

ಮಗ ನೆಲ ನೋಡುತ್ತ, “ಅಮ್ಮ ಹೇಳಿದ ಹಾಗೆ ಹೇಳು. ಅಮ್ಮನಿಗೆ ಹತ್ತೊಂಬತ್ತು ವರ್ಷದ ಅನುಭವ ಇದೆ,” ಎಂದ. ಮಂಚದ ಮೇಲಿದ್ದ ಕಂಡಕ್ಟರ್ ಗೋಡೆಯ ಕಡೆ ಹೊರಳಿದ.

ಗುರುವಾರ ವಿಚಾರಣೆ. ಸ್ಟೇಡಿಯಮ್ಮಿನ ಸುರಕ್ಷತಾ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಸೊಸೆಯನ್ನು ಕೂರಿಸಿ ನೀರು ಕೊಡಿಸಿದ. ಅವಳು ಕಲಿತದ್ದನ್ನು ಒಪ್ಪಿಸಿದಳು: ನಿಂತಿದ್ದೆ, ತಳ್ಳಿದರು, ಬಿದ್ದೆ.

“ಎಷ್ಟು ಜನ ತಳ್ಳಿದ್ರಮ್ಮ?”

“ತುಂಬಾ ಜನ ಸರ್.”

“ಸರಿ. ವಾಕಿಟಾಕಿಯಲ್ಲಿ ಯಾಕೆ ಕೂಗಲಿಲ್ಲ?”

ಸೀಟಿಯಕ್ಕ ಎಲ್ಲವನ್ನೂ ಹೇಳಿಕೊಟ್ಟಿದ್ದಳು, ಇದೊಂದನ್ನು ಬಿಟ್ಟು.

“ಬಾಗಿಲು ತೆರೆದದ್ದಕ್ಕೂ ನೂಕುನುಗ್ಗಲಿಗೂ ನಡುವೆ ಎರಡು ನಿಮಿಷ ಇತ್ತು ಅಂತಾರೆ ನೋಡಿದವರು. ಒಂದು ಸೀಟಿ ಊದಿದ್ರೆ ಸಾಕಿತ್ತು. ಊದಿದ್ರಾ?”

“ಇಲ್ಲ ಸರ್.”

ಅಧಿಕಾರಿ ಅದನ್ನು ಬರೆದುಕೊಂಡ, ಅವಳು ಕೆಳಗೆ ಸಹಿ ಹಾಕಿದಳು. ಸೋಮವಾರ ಕಂಪನಿಯಿಂದ ಪತ್ರ ಬಂತು, ಬುಧವಾರ ಪೊಲೀಸರಿಂದ. ಎರಡರಲ್ಲೂ ಇದ್ದದ್ದು ಒಂದೇ: ಕಾವಲಿಗೆ ನಿಂತಿದ್ದೂ ಎಚ್ಚರಿಕೆ ಕೊಡದೆ ಸಾವಿಗೆ ಕಾರಣಳಾದವಳು. ಹೆಂಗಸೊಬ್ಬಳ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ ಎಂದು ಸೀಟಿಯಕ್ಕ ಹೇಳಿದ್ದಳಲ್ಲ, ಹೊರಿಸುವವರು ಅವಳನ್ನು ಕೇಳಿಕೊಂಡು ಹೊರಿಸಲಿಲ್ಲ.

ಆ ಸಂಜೆ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ನಿಜ ಹೇಳಿಬಿಡಿ ಅತ್ತೆ. ನಾನು ಅಲ್ಲಿ ಇರಲೇ ಇಲ್ಲ ಅಂತ ಹೇಳಿ. ಜೈಲಿಗೆ ಹೋದ್ರೆ ನನ್ನ ಮಗಳನ್ನ ಯಾರು ನೋಡ್ಕೊತಾರೆ?”

“ನಾನು ಇಲ್ವೇನೇ?” ಎಂದ ಸೀಟಿಯಕ್ಕನಿಗೆ ತನ್ನ ಮಾತು ತನಗೇ ಕೆಟ್ಟದಾಗಿ ಕೇಳಿಸಿತು.

ಮಗ ಗಂಟಲು ಸರಿಮಾಡಿಕೊಂಡ. “ವಕೀಲರ ಹತ್ತಿರ ಮಾತಾಡಿದೆ. ನೀನು ಹೊಸಬಳು, ಚಿಕ್ಕವಳು, ತರಬೇತಿ ಇರಲಿಲ್ಲ ಅಂದ್ರೆ ಸ್ವಲ್ಪದರಲ್ಲಿ ಮುಗೀಬಹುದಂತೆ. ಅಮ್ಮನ ಹೆಸರು ಬಂದ್ರೆ ಕಳ್ಳ ಸಹಿ ಕೇಸು. ಅಮ್ಮನಿಗೆ ಈಗ ಐವತ್ತೆಂಟು.”

“ನನಗೆ ಇಪ್ಪತ್ತೊಂಬತ್ತು. ಅದಕ್ಕೆ ನಾನು ಹೋಗಬಹುದು, ಅಲ್ವಾ?”

“ಹಾಗಲ್ಲ...”

“ಹಾಗೇ ಹೇಳಿದ್ದು ನೀವು.”

“ಯಾಕೆ ಕೂಗಾಡ್ತೀಯ? ಎಲ್ಲಾರಿಗೂ ಕಷ್ಟಾನೇ.”

“ಎಲ್ಲಾರ ಹೆಸರಿಗೂ ಪೊಲೀಸ್ ಪತ್ರ ಬಂದಿದ್ಯಾ? ತೋರಿಸಿ!”

ಆಗ ಮಂಚದಿಂದ ಕಂಡಕ್ಟರನ ದನಿ ಬಂತು. ಹತ್ತು ದಿನದಿಂದ ಅವನು ಅಷ್ಟು ಜೋರಾಗಿ ಮಾತಾಡಿರಲಿಲ್ಲ. “ತಣ್ಣಗಿನ ಅನ್ನ ತಿಂದಿದ್ರೆ ನಾನು ಸಾಯ್ತಿದ್ನಾ? ಮುಚ್ಚಿಟ್ಟು ಹೋಗಿದ್ರೆ ತಿಂತಿದ್ದೆ. ಯಾರಾದ್ರೂ ಒಬ್ರು ನನ್ನ ಕೇಳಿದ್ರಾ?”

“ನಿಮ್ಮನ್ನ ಕೇಳೋದಾ?” ಸೀಟಿಯಕ್ಕ ತಿರುಗಿ ಬಿದ್ದಳು. “ತಟ್ಟೆ ಎಸೆದವರು ಯಾರು?”

“ಒಂದು ಸಲ! ನಲವತ್ತು ವರ್ಷದಲ್ಲಿ ಒಂದು ಸಲ ಎಸೆದೆ ಕಣೇ. ಅದೂ ಅನ್ನಕ್ಕಲ್ಲ, ಆವತ್ತು ನನ್ನ ಕಣ್ಣು ಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರು.”

ಅಡುಗೆಮನೆಯಲ್ಲಿ ಅನ್ನ ಸೀದ ವಾಸನೆ ಬಂತು. ಏಳುವ ಮನಸ್ಸು ಯಾರಿಗೂ ಬರಲಿಲ್ಲ. ಹನ್ನೆರಡು ವರ್ಷ ಒಂದು ಮನೆ ಹೆದರಿದ್ದು ಇಲ್ಲದ ಕೋಪಕ್ಕೆ ಎಂದು ತಿಳಿಯಲು ಒಂದು ಹೆಣ ಬೀಳಬೇಕಾಯಿತು. ಇಂಥದನ್ನು ನೆನೆದರೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಸೀಟಿಯಕ್ಕ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಯಾರಿಗೂ ಹೇಳದೆ ಸ್ಟೇಡಿಯಮ್ಮಿಗೆ ಹೋದಳು. ಅಧಿಕಾರಿಯ ಮೇಜಿನ ಮುಂದೆ ಕೂರಲು ಒಪ್ಪದೆ ನಿಂತುಕೊಂಡೇ ಎಲ್ಲ ಹೇಳಿದಳು. ಎರಡು ವರ್ಷದ ಸಹಿ, ಒಂದು ಗಂಟೆಯ ಅನ್ನ, ಚೀಲದೊಳಗಿನ ಜಾಕೆಟ್ಟು.

“ಸೊಸೆಯನ್ನ ಉಳಿಸೋಕೆ ಹೇಳ್ತಿಲ್ಲ ತಾನೆ?”

“ಒಂದು ಪೆನ್ನು ಕೊಡಿ ಸರ್.” ಅವಳು ಖಾಲಿ ಹಾಳೆಯ ಮೇಲೆ ಸೊಸೆಯ ಸಹಿಯನ್ನು ಐದು ಸಲ ಹಾಕಿದಳು, ಒಂದೊಂದೂ ರಿಜಿಸ್ಟರಿನಿಂದ ಎತ್ತಿಟ್ಟಂತಿತ್ತು.

ಅಧಿಕಾರಿ ರಿಜಿಸ್ಟರನ್ನೂ ಹಾಳೆಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕಂಪ್ಯೂಟರಿನಲ್ಲಿ ಆ ದಿನದ ವಾಕಿಟಾಕಿ ಧ್ವನಿಮುದ್ರಣ ಹುಡುಕಿ, ಅದರ ದನಿ ಹೆಚ್ಚಿಸಿದ. ಗದ್ದಲದ ನಡುವೆ ಅವಳದೇ ಸ್ವರ, ಚುರುಕಾಗಿ, ನಿಶ್ಚಿಂತೆಯಿಂದ: ಹನ್ನೆರಡು, ಹದಿಮೂರು, ಹದಿನಾಲ್ಕು ಸರಿ.

“ಇದು ಮೂರು ಗಂಟೆಯದು. ಹತ್ತು ನಿಮಿಷ ಇತ್ತಮ್ಮ. ಹದಿನಾಲ್ಕು ಖಾಲಿ ಅಂದಿದ್ರೆ ಯಾರನ್ನಾದ್ರೂ ಕಳಿಸ್ತಿದ್ವಿ.”

ಸೀಟಿಯಕ್ಕ ಆಗ ಕೂತಳು. “ಆ ಹೆಂಗಸಿನ ಚೀಲ ನಾನೇ ನೋಡಿ ಒಳಗೆ ಬಿಟ್ಟಿದ್ದು ಸರ್. ಮೊಟ್ಟೆ ಇತ್ತು,” ಎಂದಳು. ಅಧಿಕಾರಿಗೆ ಅದರ ತಲೆಬುಡ ತಿಳಿಯಲಿಲ್ಲ.

ಅವನು ಅವಳ ಮಾತನ್ನು ನಂಬಿದ. ನಂಬಿದ್ದರಿಂದಲೇ ಎಲ್ಲ ಕೆಟ್ಟಿತು. ವಾರ ಕಳೆಯುವುದರೊಳಗೆ ಕಂಪನಿಯ ಹೇಳಿಕೆ ಪತ್ರಿಕೆಯಲ್ಲಿ ಬಂತು: ಪ್ರತಿ ಗೇಟಿಗೂ ಸಿಬ್ಬಂದಿ ನೇಮಿಸಲಾಗಿತ್ತು, ಒಂದೇ ಮನೆಯ ಇಬ್ಬರು ಸೇರಿ ಸಂಸ್ಥೆಯನ್ನು ವಂಚಿಸಿದ್ದಾರೆ. ಹದಿನಾಲ್ಕನೇ ಗೇಟಿಗೆ ಮೊದಲೆಲ್ಲ ಇಬ್ಬರು ನಿಲ್ಲುತ್ತಿದ್ದರು, ಖರ್ಚು ಉಳಿಸಲು ಒಬ್ಬರನ್ನು ಕಡಿಮೆ ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಸೀಟಿಯಕ್ಕ ಕೇಳಿದಳು. ಹೇಳಿಕೆ ಬರೆದುಕೊಳ್ಳುವವನು ಅದು ಇದಕ್ಕೆ ಸಂಬಂಧಪಟ್ಟದ್ದಲ್ಲ ಎಂದ. ಅತ್ತೆಯ ಮೇಲೆ ಕಳ್ಳ ಸಹಿಯದೂ ಸಾವಿನದೂ, ಸೊಸೆಯ ಮೇಲೆ ಸುಳ್ಳು ಹೇಳಿಕೆಯದೂ ಸಾವಿನದೂ, ಒಟ್ಟು ನಾಲ್ಕು ಕೇಸು. ಹಿಂದೆ ಒಬ್ಬಳು ಮುಳುಗುತ್ತಿದ್ದಳು, ಈಗ ಇಬ್ಬರೂ.

ಜಾಮೀನು ಸಿಕ್ಕಿತು. ಷರತ್ತು ಒಂದೇ. ಪ್ರತಿ ಭಾನುವಾರ ಎರಡರಿಂದ ಐದರ ಒಳಗೆ ಇಬ್ಬರೂ ಪೊಲೀಸ್ ಠಾಣೆಗೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ತಪ್ಪಿದರೆ ಒಳಗೆ.

ಸೊಸೆ ಪುಟ್ಟಿಯ ಕೈ ಹಿಡಿದು ತವರಿಗೆ ಹೊರಟಳು. ತವರು ಊರಿನ ಆಚೆ ತುದಿಯಲ್ಲಿ. ಮಗ ತಡೆಯಲಿಲ್ಲ. ಚೀಲ ಹೊತ್ತು ಬಸ್ಸಿನವರೆಗೆ ಹೋದ, ಅಷ್ಟೇ.

“ನಾನು ನಿಜ ಹೇಳಿದೆನಲ್ಲೇ,” ಎಂದಳು ಸೀಟಿಯಕ್ಕ ಬಾಗಿಲಲ್ಲಿ.

“ಹೇಳಿದ್ರಿ ಅತ್ತೆ. ನನ್ನ ಸುಳ್ಳು ಕಾಗದಕ್ಕೆ ಹೋದ ಮೇಲೆ ಹೇಳಿದ್ರಿ.”

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೀಟಿಯಕ್ಕ ಸಮಾಧಾನ ಮಾಡುತ್ತಿದ್ದಳು.

ಮೊದಲ ಎರಡು ಭಾನುವಾರ ಇಬ್ಬರೂ ಠಾಣೆಯಲ್ಲಿ ಸಿಕ್ಕರು. “ಊಟ ಆಯ್ತಾ?” “ಹೂಂ.” “ಪುಟ್ಟಿ?” “ಶಾಲೆ ಬದಲಾಯಿಸಿದೆ.” ಮನೆಯಲ್ಲಿ ಈಗ ಕಂಡಕ್ಟರ್ ಬೆಳಗಿನ ಅನ್ನವನ್ನೇ ಯಾವಾಗಲೋ ತಡವಿಕೊಂಡು ತಿನ್ನುತ್ತಾನೆ. ಬಿಸಿ ಮಾಡಿ ಕೊಟ್ಟರೆ ತಟ್ಟೆ ಪಕ್ಕಕ್ಕಿಟ್ಟು ಆರುವವರೆಗೆ ಕಾಯುತ್ತಾನೆ.

ಮೂರನೆಯ ಭಾನುವಾರ ಸ್ಟೇಡಿಯಮ್ಮಿನಲ್ಲಿ ಮತ್ತೆ ಆಟ, ಅಪಘಾತವಾದ ಮೇಲೆ ಮೊದಲನೆಯದು. ಠಾಣೆ ಅಲ್ಲಿಂದ ಎರಡೇ ಬೀದಿ ಆಚೆ. ಸೀಟಿಯಕ್ಕ ಎರಡು ಗಂಟೆಗೇ ಹೋಗಿ ತನ್ನ ಸಹಿ ಹಾಕಿ ಬೆಂಚಿನ ಮೇಲೆ ಕೂತಳು. ಸೊಸೆಯ ಮುಖ ನೋಡಿ ಹೋಗುವುದು ಅವಳ ವಾರದ ಕೆಲಸವಾಗಿತ್ತು. ಮೂರಾಯಿತು, ನಾಲ್ಕಾಯಿತು. ನಾಲ್ಕೂವರೆಗೆ ಅವಳು ಎದ್ದು ಬಾಗಿಲಿಗೂ ಬೆಂಚಿಗೂ ಓಡಾಡತೊಡಗಿದಳು. ಸೊಸೆಯ ಫೋನು ಹತ್ತುತ್ತಿರಲಿಲ್ಲ. ಆಟದ ದಿನ ಆ ಸುತ್ತಿನಲ್ಲಿ ಯಾರ ಫೋನೂ ಹತ್ತುವುದಿಲ್ಲ, ಅದು ಅವಳಿಗೆ ಗೊತ್ತಿದ್ದದ್ದೇ.

ರಿಜಿಸ್ಟರಿನ ಮುಂದೆ ಕೂತಿದ್ದ ಪೊಲೀಸಿನವನು ಪೆನ್ನಿನಿಂದ ಕಿವಿ ಕೆರೆದುಕೊಂಡ. “ನಿಮ್ಮ ಸೊಸೆ ಬರೋ ಹಾಗೆ ಕಾಣಲ್ಲ. ಐದಕ್ಕೆ ಗೈರುಹಾಜರಿ ಬರೀಬೇಕು ನಾನು.”

“ಬರ್ತಾಳೆ ಸಾರ್. ತಪ್ಪಿಸೋಳಲ್ಲ ಅವಳು.”

“ನೀವೇ ಹಾಕಿಬಿಡಿ. ನಿಮಗೆ ಅಭ್ಯಾಸ ಇದೆಯಲ್ಲ.” ಅವನು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ, ಪೆನ್ನಿಟ್ಟು, ಎದ್ದು ಟೀ ತರಲು ಹಿಂದಿನ ಕೋಣೆಗೆ ಹೋದ.

ಹಂಗಿಸಿದನೋ, ಕರುಣೆಯಿಂದ ಹೇಳಿದನೋ, ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಾನೋ, ಅವಳಿಗೆ ತಿಳಿಯಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡಳು. ಸೊಸೆಯ ಹೆಸರಿನ ಮೊದಲ ಅಕ್ಷರದ ದೊಡ್ಡ ಸುತ್ತು ಅವಳ ಬೆರಳಿನಲ್ಲಿ ತಾನಾಗಿಯೇ ಕಾದು ನಿಂತಿತ್ತು. ಒಂದು ಕ್ಷಣದ ಕೆಲಸ. ಈ ಕೈಯಿಂದ ಒಂದು ಜೀವ ಹೋಗಿದೆ, ಇನ್ನು ಈ ಕೈ ಆ ಹೆಸರು ಬರೆಯಬಾರದು ಎಂದುಕೊಂಡಳು. ಪೆನ್ನನ್ನು ಮೇಜಿನ ಮೇಲಿಟ್ಟು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಪೊಲೀಸಿನವನು ಟೀ ಕುಡಿಯುತ್ತ ಬಂದು ಖಾಲಿ ಗೆರೆ ನೋಡಿದ. ಗಡಿಯಾರ ನೋಡಿದ. ಇನ್ನೂ ಎರಡು ನಿಮಿಷ ಕಾದ. ಆಮೇಲೆ ಕೆಂಪು ಶಾಯಿಯಲ್ಲಿ ‘ಗೈರುಹಾಜರಿ’ ಎಂದು ಬರೆದು ರಿಜಿಸ್ಟರು ಮುಚ್ಚಿದ.

ಐದು ದಾಟಿ ಏಳು ನಿಮಿಷಕ್ಕೆ ಸೊಸೆ ಬಂದಳು, ಕಂಕುಳಲ್ಲಿ ಪುಟ್ಟಿ, ಕಾಲಲ್ಲಿ ಒಂದೇ ಚಪ್ಪಲಿ.

“ಬಸ್ಸೆಲ್ಲಾ ಎರಡು ಮೈಲಿ ಆಚೆ ನಿಲ್ಲಿಸಿದಾರೆ ಸಾರ್. ಮೂರು ಕಡೆ ಬೇಲಿ ಹಾಕಿದಾರೆ, ಒಂದೊಂದು ಕಡೆ ಚೀಲ ಬಿಚ್ಚಿ ನೋಡ್ತಾರೆ. ಠಾಣೆಗೆ ಹೋಗ್ಬೇಕು ಅಂದ್ರೂ ಬಿಡಲಿಲ್ಲ...”

“ಬಂದೋಬಸ್ತು ಬಿಗಿ ಮಾಡಿದಾರಮ್ಮ, ಹೋದ ಸಲ ಹಾಗಾಯ್ತಲ್ಲ. ನಾನು ಬರೆದಾಯ್ತು. ನಾಳೆ ಸಾಹೇಬರ ಹತ್ತಿರ ಹೋಗುತ್ತೆ. ಇನ್ನು ವಕೀಲರಿಗೆ ಹೇಳ್ಕೊಳ್ಳಿ.”

ಸೊಸೆ ಅತ್ತೆಯ ಕಡೆ ತಿರುಗಿದಳು. “ನೀವು ಇಲ್ಲೇ ಇದ್ರಾ ಅತ್ತೆ?”

“ಎರಡು ಗಂಟೆಯಿಂದ ಇದ್ದೆ.”

“ಪೆನ್ನು ಇತ್ತಾ?”

“ಇತ್ತು.”

ಸೊಸೆ ಪುಟ್ಟಿಯನ್ನು ಕೆಳಗಿಳಿಸಿದಳು. ಸ್ಟೇಡಿಯಮ್ಮಿನ ಕಡೆಯಿಂದ ಸಾವಿರಾರು ಜನರ ಕೂಗು ಎದ್ದು ಬಂತು, ಯಾರೋ ಗೋಲು ಹೊಡೆದಿರಬೇಕು. ಅದು ಅಡಗುವವರೆಗೆ ಅವಳು ಕಾದಳು.

“ಎರಡು ವರ್ಷ ಹಾಕಿದ್ರಿ,” ಎಂದಳು. “ಇವತ್ತೊಂದು ದಿನ ಹಾಕಲಿಲ್ಲ.”

ಸೀಟಿಯಕ್ಕನ ಕೈ ಸೆರಗಿನಿಂದ ಹೊರಗೆ ಬಂದು, ಸೀಟಿಯಿಲ್ಲದ ಕೊರಳನ್ನು ತಡವಿ, ಮತ್ತೆ ಒಳಗೆ ಹೋಯಿತು. ಪುಟ್ಟಿ ಬೆಂಚಿನ ಮೇಲೆ ಕೂತು, ಹಸಿವು ಅಮ್ಮ, ಎಂದಳು.